ಪದಚರ್ಚೆ: ಸಾರಾಂಶವೋ ಮುಖ್ಯಾಂಶವೋ? ಮೈಂಡ್ ಮ್ಯಾಪಿಗೆ ಯಾವ ನಕ್ಷೆ?

ಬಲ್ಲವರಲ್ಲಿ ಕೆಲವು ಪದಗಳ ಬಗ್ಗೆ ಕೇಳುವುದಿದೆ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಹೈಸ್ಕೂಲ್ ಮೇಷ್ಟ್ರುಗಳಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ತಯಾರಾಗುತ್ತಿದೆ. ಉದ್ದನೆಯ ಪಾಠ, ವರದಿ, ಲೇಖನಗಳನ್ನು ತಂತ್ರಾಂಶದ ಕೈಲಿ ಚಿಕ್ಕದು ಮಾಡಿಸುವುದು ಹೇಗೆ, ಆಮೇಲೆ ಅದನ್ನೇ ಮೈಂಡ್ ಮ್ಯಾಪ್ (ನಡುವೆ ವಿಷಯ, ಸುತ್ತ ಕವಲುಗಳಿರುವ ಚಿತ್ರ) ಮಾಡಿ ಒಂದೇ ಹಾಳೆಯಲ್ಲಿ ಹರಡುವುದು ಹೇಗೆ ಅನ್ನುವುದು ಅದರ ವಿಷಯ. ಭಾಷೆ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನಲ್ಲಿ ಎಲ್ಲ ಕಡೆ 'ಸಾರಾಂಶ' ಅಂತಲೇ ಇದೆ. ಓದುತ್ತಾ ಹೋದರೆ ಆ ಒಂದು ಪದ ಮೂರು ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗಿದೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಚಿಕ್ಕದು ಮಾಡುವ ತಂತ್ರಾಂಶದ ವಿಷಯ. ಇದರಲ್ಲಿ ಎರಡು ಜಾತಿ. ಒಂದು, ಮೂಲದಲ್ಲಿರುವ ವಾಕ್ಯಗಳನ್ನೇ ಹೆಕ್ಕಿ ಕೊಡುವುದು. ಒಂದಕ್ಷರವೂ ಹೊಸದಲ್ಲ. ಇನ್ನೊಂದು, ಮೂಲವನ್ನು ಓದಿದ ಹಾಗೆ ಮಾಡಿ ತನ್ನದೇ ವಾಕ್ಯಗಳಲ್ಲಿ ಬರೆದು ಕೊಡುವುದು. ಈಗಿನ ಎಐ ಚಾಟ್‌ಬಾಟ್‌ಗಳು ಮಾಡುವುದು ಹೆಚ್ಚಾಗಿ ಈ ಎರಡನೆಯದನ್ನು. ಹೆಕ್ಕುವ ಜಾತಿ ತುಂಬಾ ಹಳೆಯದು. 1958ರಲ್ಲೇ ಐಬಿಎಂನ ಹಾನ್ಸ್ ಪೀಟರ್ ಲೂನ್ ಇದರ ದಾರಿ ತೋರಿಸಿದ್ದರು. ಸುಮ್ನೆ ಎಲ್ಲೆಡೆ ಬರುವ ಪದಗಳನ್ನು ಬಿಟ್ಟುಬಿಡಿ, ಉಳಿದವುಗಳಲ್ಲಿ ಯಾವುವು ಜಾಸ್ತಿ ಸಲ ಬಂದಿವೆ ಎಣಿಸಿ, ಅವು ಒತ್ತೊತ್ತಾಗಿ ಸೇರಿರುವ ವಾಕ್ಯಗಳನ್ನು ಎತ್ತಿಕೊಳ್ಳಿ. ಸ್ಥೂಲವಾಗಿ ಇಷ್ಟೇ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಇಂಥದೊಂದು ಸೌಲಭ್ಯ 2007ರ ಆವೃತ್ತಿಯವರೆಗೆ ಇತ್ತು, 2010ರಲ್ಲಿ ತೆಗೆದುಬಿಟ್ಟರು. ಮೂಲದ ಶೇಕಡಾ ಎಷ್ಟಕ್ಕೆ ಇಳಿಸಬೇಕು ಅಂತ ಅದಕ್ಕೆ ನಾವೇ ಹೇಳಬಹುದಿತ್ತು. ಪರೀಕ್ಷೆಯಲ್ಲಿ 'ಮೂರನೆಯ ಒಂದು ಭಾಗಕ್ಕೆ ಸಂಗ್ರಹಿಸಿ ಬರೆಯಿರಿ' ಅಂತ ಬರುತ್ತಿತ್ತಲ್ಲ, ಅದೇ ಧಾಟಿ.

ಈ ಎರಡು ಜಾತಿಗೂ ನಮ್ಮಲ್ಲಿ ಆಗಲೇ ಬೇರೆ ಬೇರೆ ಪದಗಳಿವೆ ಅನ್ನುವುದು ನನ್ನ ವಾದ. ಹಳೆಯ ಕಾವ್ಯಗಳ 'ಸಂಗ್ರಹ' ನೆನಪಿಸಿಕೊಳ್ಳಿ. ವೆಂಕಣ್ಣಯ್ಯ, ಕೃಷ್ಣಶಾಸ್ತ್ರಿ ಸೇರಿ ಹೊರತಂದ 'ಹರಿಶ್ಚಂದ್ರಕಾವ್ಯ ಸಂಗ್ರಹ'ದಲ್ಲಿ ಇರುವುದು ರಾಘವಾಂಕನ ಷಟ್ಪದಿಗಳೇ, ಸಂಪಾದಕರ ಮಾತಲ್ಲ. ಅವರು ಮಾಡಿದ್ದು ಆರಿಸುವ ಕೆಲಸ. 'ಪದ್ಯದ ಸಾರಾಂಶ ಬರೆಯಿರಿ' ಅಂದಾಗ ಮಾತ್ರ ನಾವು ಯಾರೂ ಷಟ್ಪದಿಯ ಎರಡು ಸಾಲನ್ನು ಹಾಗೇ ಎತ್ತಿ ಬರೆದವರಲ್ಲ. ಬರೆದಿದ್ದರೆ ಸೊನ್ನೆ. ನಮ್ಮ ಮಾತಿನಲ್ಲಿ, ಗದ್ಯದಲ್ಲಿ ಬರೆಯಬೇಕಿತ್ತು. ಅಂದರೆ ಹೆಕ್ಕಿದರೆ ಸಂಗ್ರಹ, ತಿಳಿದುಕೊಂಡು ಹೇಳಿದರೆ ಸಾರಾಂಶ. ಕಂಪ್ಯೂಟರಿನವರು ಇತ್ತೀಚೆಗೆ ಮಾಡಿಕೊಂಡ ಭೇದ ನಮ್ಮ ಕನ್ನಡ ತರಗತಿಯಲ್ಲಿ ಮೊದಲಿನಿಂದಲೂ ಇತ್ತು, ಅಲ್ವಾ?

ತೊಂದರೆ ಏನೆಂದರೆ 'ಸಂಗ್ರಹ' ಈಗ ಕೈತಪ್ಪಿ ಹೋಗಿದೆ. ಕವನ ಸಂಗ್ರಹ, ಚಂದಾ ಸಂಗ್ರಹ, ಮಳೆನೀರು ಸಂಗ್ರಹ ಅಂತ ಕೂಡಿಡುವ ಅರ್ಥ ಮೊದಲೇ ಜೋರಾಗಿತ್ತು. ಫೋನ್ ಬಂದ ಮೇಲೆ 'ಸಂಗ್ರಹಣೆ' ಅಂದರೆ ಎಷ್ಟು ಜಿಬಿ ಜಾಗ ಖಾಲಿ ಇದೆ ಅನ್ನುವ ಮಾತಾಗಿದೆ. ತಂತ್ರಾಂಶದಲ್ಲಿ 'ಸಂಗ್ರಹಿಸು' ಅಂತ ಗುಂಡಿ ಇಟ್ಟರೆ, ಒತ್ತಿದವರು ಕಡತ ಉಳಿಯಿತು ಅಂದುಕೊಳ್ಳುತ್ತಾರೆ. ಚಿಕ್ಕದಾಯಿತು ಅಂದುಕೊಳ್ಳುವುದಿಲ್ಲ. 'ಅಡಕ' ಚೆನ್ನಾಗಿದೆ, ಆದರೆ ಅದು ಜಿಪ್ ಮಾಡಿದ ಕಡತವನ್ನು ನೆನಪಿಸುತ್ತದೆ. 'ಸಂಕ್ಷೇಪ' ಎರಡೂ ಜಾತಿಗೆ ಸಲ್ಲುವ ಕಾರಣಕ್ಕೇ ಇಲ್ಲಿ ಕೆಲಸಕ್ಕೆ ಬಾರದು. 'ತಾತ್ಪರ್ಯ'ದಲ್ಲಿ ಅರ್ಥ ಹೇಳುವುದು ಮುಖ್ಯ, ಉದ್ದ ಎಷ್ಟಿದ್ದರೂ ನಡೆಯುತ್ತದೆ. ಎಷ್ಟೋ ಸಲ ಮೂಲಕ್ಕಿಂತ ತಾತ್ಪರ್ಯವೇ ಉದ್ದ ಇರುತ್ತದೆ!

ನನಗೆ ಸದ್ಯ ಹಿಡಿಸಿರುವುದು 'ಮುಖ್ಯಾಂಶ'. ಆಕಾಶವಾಣಿಯ ವಾರ್ತೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಇದ್ದದ್ದರಲ್ಲಿ ಮುಖ್ಯವಾದುದನ್ನು ಎತ್ತಿ ಹೇಳುವುದು. ಹಾಗಾಗಿ ವಾಕ್ಯ ಹೆಕ್ಕುವ ಕಡೆ ಮುಖ್ಯಾಂಶ, ಹೊಸದಾಗಿ ಬರೆಯುವ ಕಡೆ ಸಾರಾಂಶ. ಜೋಡಿಯಾಗಿ ನಿಲ್ಲುತ್ತವೆ, ಎರಡೂ ಎಲ್ಲರಿಗೂ ಗೊತ್ತಿರುವ ಪದಗಳು. ಮುಖ್ಯಾಂಶ ಅಂದರೆ ತಲೆಬರಹದಂಥ ತುಂಡು ಸಾಲು ಅಂತ ಓದುಗರು ಅಂದುಕೊಳ್ಳಬಹುದು ಅನ್ನುವ ಅನುಮಾನ ಇದೆ. ನಿಮಗೆ ಏನನ್ನಿಸುತ್ತದೆ?

ಇಷ್ಟೊಂದು ಹಟ ಯಾಕೆ ಅಂತ ಕೇಳಬಹುದು. ಎರಡು ಜಾತಿಯ ಎಡವಟ್ಟುಗಳು ಬೇರೆ ಬೇರೆ. ಅದನ್ನು ಮೇಷ್ಟ್ರುಗಳಿಗೆ ಹೇಳಲು ಎರಡು ಪದ ಬೇಕೇ ಬೇಕು. ಈ ಐದು ವಾಕ್ಯ ನೋಡಿ:

"ಊರಿನ ಕೆರೆಯಲ್ಲಿ ಹೂಳು ತುಂಬಿದೆ. ಕೆರೆಗೆ ನೀರು ತರುವ ಕಾಲುವೆಯೂ ಮುಚ್ಚಿದೆ. ಅದರಿಂದಾಗಿ ಕೆಳಗಿನ ಗದ್ದೆಗಳು ಒಣಗಿವೆ. ಹೂಳೆತ್ತಿ ಹೊಲಕ್ಕೆ ಹಾಕಿದರೆ ಎರಡೂ ಕಡೆ ಲಾಭ. ಕೆರೆಯ ಏರಿಯೂ ಗಟ್ಟಿಯಾಗಬೇಕು."

ಹೆಕ್ಕುವ ಯಂತ್ರ ಮೂರನೆಯದನ್ನು ಎತ್ತಿಕೊಂಡಿತು ಅಂದುಕೊಳ್ಳಿ. 'ಅದರಿಂದಾಗಿ ಕೆಳಗಿನ ಗದ್ದೆಗಳು ಒಣಗಿವೆ.' ಯಾವುದರಿಂದಾಗಿ? 'ಅದು' ಮೂಲದಲ್ಲೇ ಉಳಿದುಹೋಯಿತು. ಇನ್ನು ಎಣಿಕೆಯ ವಿಷಯ. ನಮ್ಮ ಕಣ್ಣಿಗೆ ಇಲ್ಲಿ 'ಕೆರೆ' ಮೂರು ಸಲ ಬಂದಿದೆ. ಅಕ್ಷರ ಹೋಲಿಸಿ ಎಣಿಸುವ ಯಂತ್ರಕ್ಕೆ ಕೆರೆಯಲ್ಲಿ, ಕೆರೆಗೆ, ಕೆರೆಯ ಅನ್ನುವುವು ಮೂರು ಬೇರೆ ಪದಗಳು, ಒಂದೊಂದೂ ಒಂದೊಂದೇ ಸಲ ಬಂದವು. 'ಹೂಳು' ಎರಡನೆಯ ಸಲ 'ಎತ್ತಿ' ಜೊತೆ ಸಂಧಿಯಾಗಿ ಕಾಣೆಯಾಗಿದೆ. ವಿಭಕ್ತಿ ಕಳಚಿ, ಸಂಧಿ ಬಿಡಿಸಿ ನೋಡಲು ಬರದ ತಂತ್ರಾಂಶಕ್ಕೆ ಈ ಬರಹ ಕೆರೆಯ ಬಗ್ಗೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಚುಕ್ಕಿ ಕಂಡಲ್ಲೆಲ್ಲ ವಾಕ್ಯ ಕಡಿಯುವ ಚಾಳಿ ಬೇರೆ. ನಮ್ಮ ಹೆಸರುಗಳಲ್ಲಿ ಇನಿಶಿಯಲ್ ಇಲ್ಲದವರು ಎಷ್ಟು ಜನ? 'ಎ.ಆರ್. ಕೃಷ್ಣಶಾಸ್ತ್ರಿ' ಅಂದರೆ ಹೆಸರು ಮುಗಿಯುವ ಮೊದಲೇ ವಾಕ್ಯ ಮುಗಿಸಿಬಿಡುತ್ತದೆ.

ಹೊಸದಾಗಿ ಬರೆಯುವ ಯಂತ್ರದ ತಪ್ಪು ಹೀಗೆ ಎದ್ದು ಕಾಣುವುದಿಲ್ಲ. ವಾಕ್ಯ ಸರಾಗವಾಗಿರುತ್ತದೆ, ಕೊಂಡಿ ಕಳಚಿರುವುದಿಲ್ಲ. 'ಕೆರೆಯ ಹೂಳೆತ್ತಿದ್ದರಿಂದ ರೈತರಿಗೆ ಲಾಭವಾಗಿದೆ' ಅಂತ ಬರೆದುಬಿಟ್ಟರೆ ಓದಲು ಏನೂ ತೊಂದರೆಯಿಲ್ಲ. ಆದರೆ ಮೂಲದಲ್ಲಿ ಯಾರೂ ಹೂಳೆತ್ತೇ ಇಲ್ಲ, 'ಹೂಳೆತ್ತಿ ಹೊಲಕ್ಕೆ ಹಾಕಿದರೆ' ಅಂತ ಇದೆ ಅಷ್ಟೇ. ಆದ್ದರಿಂದ ಮುಖ್ಯಾಂಶ ಬಂದರೆ ಅದರ ಹಿಂದಿನ ವಾಕ್ಯ ನೋಡಿ, ಸಾರಾಂಶ ಬಂದರೆ ಪ್ರತಿ ಮಾತನ್ನೂ ಮೂಲದ ಜೊತೆ ತಾಳೆ ನೋಡಿ ಅಂತ ಕೈಪಿಡಿಯಲ್ಲಿ ಬರೆಯಬೇಕು. ಎರಡಕ್ಕೂ ಒಂದೇ ಪದ ಇದ್ದರೆ ಇದನ್ನು ಬರೆಯುವುದು ಹೇಗೆ?

ಈಗ ಮೈಂಡ್ ಮ್ಯಾಪ್. ಕರಡಿನಲ್ಲಿ 'ಮನೋನಕ್ಷೆ' ಅಂತ ಇದೆ. ಇದನ್ನು ಅರಿಸಮಾಸ ಅನ್ನುವವರೂ ಇದ್ದಾರೆ. ಸಂಸ್ಕೃತದ ಮನಸ್ಸಿಗೆ ಅರಬ್ಬಿ ಮೂಲದ ನಕ್ಷೆ ಅಂಟಿಸಬಾರದಂತೆ. ಆ ತಕರಾರು ನನಗಿಲ್ಲ. 'ಜಿಲ್ಲಾಧಿಕಾರಿ'ಯಲ್ಲಿ ಅರಬ್ಬಿಯ ಜಿಲ್ಲೆಗೂ ಸಂಸ್ಕೃತದ ಅಧಿಕಾರಿಗೂ ಸವರ್ಣದೀರ್ಘ ಸಂಧಿಯನ್ನೇ ಮಾಡಿ ಕೂರಿಸಿದ್ದೇವೆ, ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಎದ್ದು ಬಂದರೂ ಜಿಲ್ಲಾಧಿಕಾರಿಯ ಕಚೇರಿಗೆ ಬೇರೆ ಬೋರ್ಡ್ ಹಾಕಲಾರ. 'ನಕ್ಷೆ' ಅಂತೂ ಒಳ್ಳೆಯ ದುಡಿಮೆಯ ಪದ. ಗ್ರಾಮದ ನಕ್ಷೆ, ಮನೆಯ ನಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಗಣಿತದ ಗ್ರಾಫ್‌ಗೂ ನಕ್ಷೆ.

ನನ್ನ ಕಸಿವಿಸಿ 'ಮನೋ' ಬಗ್ಗೆ. ಮನೋವೈದ್ಯ, ಮನೋರೋಗ, ಮನೋವಿಜ್ಞಾನದ ಸಾಲಿನಲ್ಲಿ ಮನೋನಕ್ಷೆ ನಿಂತರೆ, ನಿಮ್ಹಾನ್ಸ್‌ನಲ್ಲಿ ತೆಗೆದುಕೊಟ್ಟ ಚಿತ್ರದ ಹಾಗೆ ಕೇಳಿಸುತ್ತದೆ. ನಾವು ಬಿಡಿಸುವುದು ಮನಸ್ಸಿನ ನಕ್ಷೆಯಲ್ಲ. ವಿಷಯದ ನಕ್ಷೆ. ಮನಸ್ಸಿಗೆ ಅದು ಹೊಳೆದ ಕ್ರಮದಲ್ಲಿ ಹರಡಿದ್ದು, ಅಷ್ಟೇ.

ಇನ್ನೊಂದು ಕಡೆ 'ಪರಿಕಲ್ಪನಾ ನಕ್ಷೆ' ಇದೆ. ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದ ಪಾಠಗಳಲ್ಲಿ ಈ ಶೀರ್ಷಿಕೆ ಕಾಣುತ್ತದೆ. ಅದರ ಕೆಳಗೆ ಫ್ರೀಮೈಂಡ್ ತಂತ್ರಾಂಶದ ಚಿತ್ರಗಳಿವೆ. ಶಿಕ್ಷಕರಿಗೆ ಪರಿಚಯವಿರುವ ಪದ, ಹಾಗಾಗಿ ಸುಮ್ಮನೆ ಬದಿಗೆ ಸರಿಸುವಂತಿಲ್ಲ. ಆದರೆ ಇದು ಸೇರಬೇಕಾದ್ದು ಇನ್ನೊಂದು ಚಿತ್ರಕ್ಕೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಜೊತೆಯವರು 1970ರ ದಶಕದಲ್ಲಿ ರೂಪಿಸಿದ್ದು ಅದು. ಅಲ್ಲಿ ಗೆರೆಗಳ ಮೇಲೂ ಬರಹ ಇರುತ್ತದೆ. 'ಹೂಳು' ಮತ್ತು 'ಗದ್ದೆ' ನಡುವಿನ ಗೆರೆಯ ಮೇಲೆ 'ಗೊಬ್ಬರವಾಗುತ್ತದೆ' ಅಂತ ಬರೆಯಬೇಕು. ಯಾವ ಗೂಡಿನಿಂದ ಯಾವ ಗೂಡಿಗಾದರೂ ಗೆರೆ ಎಳೆಯಬಹುದು. ಮೈಂಡ್ ಮ್ಯಾಪ್ ಹಾಗಲ್ಲ. ನಡುವೆ ಒಂದೇ ವಿಷಯ, ಸುತ್ತ ಕವಲು, ಕವಲಿಗೆ ಮರಿಗವಲು. ಇದಕ್ಕೆ ಹೆಸರು ತಂದುಕೊಟ್ಟವರು ಇಂಗ್ಲೆಂಡಿನ ಟೋನಿ ಬುಝಾನ್, 1974ರ ಬಿಬಿಸಿ ಕಾರ್ಯಕ್ರಮದ ಮೂಲಕ. ಬಣ್ಣ ಬೇಕು, ಗೆರೆ ಬಳುಕಬೇಕು, ಕವಲಿಗೆ ಒಂದೇ ಪದ ಇರಬೇಕು ಅಂತೆಲ್ಲ ಅವರ ಕಟ್ಟುನಿಟ್ಟು.

ಈ 'ಒಂದೇ ಪದ' ಅನ್ನುವ ನಿಯಮ ಕನ್ನಡಕ್ಕೆ ಬಂದಾಗ ಮಜಾ ಇದೆ. ನಮ್ಮ ಪದ ತನ್ನ ಸಂಬಂಧವನ್ನು ಬಾಲದಲ್ಲೇ ಕಟ್ಟಿಕೊಂಡು ಬರುತ್ತದೆ. ನಡುವೆ 'ಹೂಳು' ಬರೆದು, ಒಂದು ಕವಲಿಗೆ 'ಕೆರೆ', ಇನ್ನೊಂದಕ್ಕೆ 'ಗದ್ದೆ' ಅಂತ ಬರೆದರೆ ಸುಮ್ಮನೆ ಎರಡು ಹೆಸರು. 'ಕೆರೆಯಿಂದ', 'ಗದ್ದೆಗೆ' ಅಂತ ಬರೆದು ನೋಡಿ. ಹೂಳು ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವುದೂ ಬಂತು. ನೊವಾಕ್ ಗೆರೆಯ ಮೇಲೆ ಬರೆಸಿದ್ದನ್ನು ನಾವು ವಿಭಕ್ತಿಯಲ್ಲಿ ಮುಗಿಸಿದೆವು. ಪದವೂ ಒಂದೇ, ಬುಝಾನ್ ಕೂಡ ಆಕ್ಷೇಪಿಸುವ ಹಾಗಿಲ್ಲ. ವಿಭಕ್ತಿ ತೆಗೆದು ಮೂಲರೂಪವನ್ನೇ ಬರೆಯಿರಿ ಅಂತ ಕರಡಿನಲ್ಲಿ ಸೂಚನೆ ಇತ್ತು, ಅದನ್ನು ಹೊಡೆದುಹಾಕಿದ್ದೇನೆ.

ಹೆಸರಿನ ವಿಷಯಕ್ಕೆ ಬಂದರೆ, ನನ್ನ ಮನಸ್ಸಿನಲ್ಲಿ 'ವಿಷಯನಕ್ಷೆ' ಮತ್ತು 'ಕವಲುಚಿತ್ರ' ಇವೆ. 'ವಂಶವೃಕ್ಷ' ಎಲ್ಲರಿಗೂ ಗೊತ್ತಿರುವುದರಿಂದ 'ವಿಷಯವೃಕ್ಷ'ವೂ ನಡೆಯಬಹುದು, ಆದರೆ ಬಾಯಿಗೆ ಭಾರ. ಕವಲುಚಿತ್ರ ಅಂದರೆ ನೋಡಲು ಹೇಗಿದೆ ಅನ್ನುವುದು ಕಣ್ಣಿಗೆ ಬರುತ್ತದೆ, ನನ್ನ ಮತ ಅದಕ್ಕೇ. ಮೈಂಡ್ ಮ್ಯಾಪ್ ಅಂತಲೇ ಬಿಡಿ ಅನ್ನುವವರ ಮಾತಿನಲ್ಲೂ ಹುರುಳಿದೆ. ಮೇಷ್ಟ್ರುಗಳ ಬಾಯಲ್ಲಿ ಈಗ ಇರುವುದು ಅದೇ. ಕೈಪಿಡಿಯ ಮೊದಲ ಪುಟದಲ್ಲಿ ಎರಡೂ ಇರಲಿ ಅಂತ ಅಂದುಕೊಂಡಿದ್ದೇನೆ.

ತಂತ್ರಾಂಶದ ಒಳಗಿನ ಪದಗಳು ಇನ್ನೂ ತಲೆ ತಿನ್ನುತ್ತಿವೆ. 'ನೋಡ್' (node, ಚಿತ್ರದ ಒಂದೊಂದು ಗೂಡು) ಅನ್ನುವುದಕ್ಕೆ ಸಸ್ಯಶಾಸ್ತ್ರದ 'ಗೆಣ್ಣು' ಇದೆ. ಕಬ್ಬಿನ ಗೆಣ್ಣಿನಲ್ಲಿ ಹೊಸ ಮೊಳಕೆ ಒಡೆಯುತ್ತದೆ, ಅರ್ಥ ಸರಿಯಾಗಿ ಕೂರುತ್ತದೆ. ಆದರೆ 'ಗೆಣ್ಣು ಅಳಿಸಿ' ಅಂದರೆ ಯಾರಿಗೂ ತಿಳಿಯಲಿಕ್ಕಿಲ್ಲ. 'ಕವಲು' ಸಾಕು. ಮಡಚು, ಬಿಚ್ಚು ಅನ್ನುವುವು ತಾವಾಗಿಯೇ ಬಂದು ಕೂತವು. ಮೈಂಡ್ ಮ್ಯಾಪ್ ಬಿಡಿಸುವ ಫ್ರೀಪ್ಲೇನ್ ತಂತ್ರಾಂಶದಲ್ಲಿ ಟ್ಯಾಬ್ ಒತ್ತಿದರೆ ಈಗಿನ ಕವಲಿಗೆ ಮರಿ ಹುಟ್ಟುತ್ತದೆ. ಎಂಟರ್ ಒತ್ತಿದರೆ ಕೆಳಗೆ ಅದರ ಸರೀಕ, ಶಿಫ್ಟ್ ಜೊತೆ ಎಂಟರ್ ಒತ್ತಿದರೆ ಮೇಲೆ ಇನ್ನೊಂದು ಸರೀಕ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ನೆಂಟಸ್ತಿಕೆಯ ಪದ, ಸಿಬ್ಲಿಂಗ್. ನಮ್ಮಲ್ಲಿ ಹಿರಿದು ಕಿರಿದು ಬೇರೆ ಇರುವುದರಿಂದ ಮೇಲಿನದು ಅಣ್ಣ, ಕೆಳಗಿನದು ತಮ್ಮ ಅನ್ನಬಹುದು ಅಂತ ಗೆಳೆಯರೊಬ್ಬರು ಹೇಳಿದರು. ತಮಾಷೆಗೆ ಹೇಳಿದ್ದು. ನನಗೆ ಮಾತ್ರ 'ಅಣ್ಣ-ಕವಲು' ತೀರಾ ಕೆಟ್ಟದ್ದು ಅನ್ನಿಸಲಿಲ್ಲ.

ಕೊನೆಯ ಪ್ರಶ್ನೆ, ಇದೇ ಜಾಸ್ತಿ ಕಾಡುತ್ತಿರುವುದು. ಎಕ್ಸ್‌ಮೈಂಡ್, ಫ್ರೀಪ್ಲೇನ್ ಎರಡರಲ್ಲೂ ಪಕ್ಕಪಕ್ಕದ ಮೂರ್ನಾಲ್ಕು ಕವಲುಗಳಿಗೆ ಒಟ್ಟಾಗಿ ಆವರಣ ಹಾಕಿ, ಆಚೆ ತುದಿಯಲ್ಲಿ ಒಂದು ಮಾತು ಬರೆಯುವ ಸೌಲಭ್ಯ ಇದೆ. ಇಂಗ್ಲಿಷಿನಲ್ಲಿ ಇದಕ್ಕೂ ಸಮ್ಮರಿ ಅಂತಲೇ ಹೆಸರು. ಕರಡಿನವರು ಇಲ್ಲೂ 'ಸಾರಾಂಶ' ಹಾಕಿದ್ದಾರೆ. ಇಲ್ಲಿ ಹೆಕ್ಕುವುದೂ ಇಲ್ಲ, ತಿರುಗಿ ಹೇಳುವುದೂ ಇಲ್ಲ. ಬಾಬ್ತುಗಳನ್ನು ಕೂಡಿಸಿ ಒಂದು ಮೊತ್ತ ಬರೆಯುವ ಕೆಲಸ ಇದು. ಇದಕ್ಕೆ ಸರಿಯಾದ ಪದ ಕಂದಾಯ ಇಲಾಖೆಯ ಕಡತಗಳಲ್ಲಿದೆ: 'ಗೋಷ್ವಾರೆ'. ಪಾರಸಿ ಮೂಲದ್ದು. ಹಲವು ಪುಟಗಳ ಲೆಕ್ಕದ ಕೊನೆಗೆ ಎಲ್ಲವನ್ನೂ ಒಂದೆಡೆ ತರುವ ಪಟ್ಟಿ. ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ತಾಲ್ಲೂಕು ಕಚೇರಿಯ ಹೊರಗೆ ಇದು ಈಗ ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದಿದ್ದರೆ 'ಒಟ್ಟಾರೆ' ಅಂತ ಹಾಕಬೇಕಾಗುತ್ತದೆ, ಅದೂ ಕೆಟ್ಟದ್ದಲ್ಲ.

ಉತ್ತರ ಕರ್ನಾಟಕದವರು, ಮುಖ್ಯವಾಗಿ ಮರಾಠಿ ಗಡಿಯ ಕಡೆಯವರು ಹೇಳಿ. ನಿಮ್ಮ ಕಡೆ ಸೊಸೈಟಿ, ಪಂಚಾಯಿತಿ, ಅಂಗಡಿ ಲೆಕ್ಕಗಳಲ್ಲಿ ಗೋಷ್ವಾರೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆಯೇ? ಇದ್ದರೆ ಯಾವ ವಾಕ್ಯದಲ್ಲಿ ಹೇಗೆ ಬರುತ್ತದೆ ಅನ್ನುವುದನ್ನೂ ಬರೆಯಿರಿ. 'ಗೋಷ್ವಾರೆ ತೆಗೆ', 'ಗೋಷ್ವಾರೆ ಮಾಡು', 'ಗೋಷ್ವಾರೆ ಬರೆ', ಇವುಗಳಲ್ಲಿ ಯಾವುದು? ಗುಂಡಿಯ ಮೇಲೆ ಕ್ರಿಯಾಪದವೂ ಬೇಕು.