ಮೇಲಿನ ಟ್ಯಾಂಕಿನ ನಲ್ಲಿಗೆ ಕಟ್ಟಿದ ಸೈಫನ್ ಮೀನಿನ ತೊಟ್ಟಿಯ ನೀರನ್ನು ಎಳೆಯುತ್ತಿಲ್ಲ

ಪ್ರಶ್ನೆ, ಕೋಲಾರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಅಕ್ವೇರಿಯಂ ಇದೆ. ಸುಮಾರು 100 ಲೀಟರ್ ಹಿಡಿಯುವ ಅದರಲ್ಲಿ ಗಪ್ಪಿಗಳೂ ಎರಡು ಗೌರಾಮಿಗಳೂ ಇದ್ದು, ವಾರಕ್ಕೊಮ್ಮೆ 25 ಲೀಟರ್ ನೀರನ್ನು ಬದಲಿಸುತ್ತೇನೆ. ಇದುವರೆಗೆ ಪೈಪಿನ ತುದಿಯನ್ನು ಬಾಯಿಂದ ಎಳೆದು ಸೈಫನ್ (ತೊಟ್ಟಿಯ ಅಂಚು ದಾಟಿದ ನೀರು ಪೈಪಿನಲ್ಲಿ ತಾನಾಗಿಯೇ ಕೆಳಗಿಳಿಯುವುದು) ಶುರು ಮಾಡುತ್ತಿದ್ದೆ. ಎರಡು ಸಲ ತೊಟ್ಟಿಯ ನೀರು ಬಾಯಿಗೇ ಬಂದ ಮೇಲೆ ಆ ಪದ್ಧತಿಯನ್ನು ಬಿಟ್ಟಿದ್ದೇನೆ.

ವೇಮಗಲ್ ಬಳಿ ಚಿಕ್ಕಪ್ಪನವರ ಟೊಮೆಟೊ ತೋಟದಲ್ಲಿ, ಡ್ರಿಪ್ ಪೈಪಿಗೆ ಕರಗಿಸಿದ ಗೊಬ್ಬರವನ್ನು ಸೇರಿಸುವ ವೆಂಚುರಿ ಇದೆ. ಹರಿಯುವ ನೀರು ತಾನಾಗಿಯೇ ಡ್ರಮ್ಮಿನ ಗೊಬ್ಬರವನ್ನು ಎಳೆದುಕೊಳ್ಳುವುದನ್ನು ನೋಡಿ, ಅದೇ ರೀತಿಯದೊಂದನ್ನು ಮನೆಯಲ್ಲಿ ಮಾಡಲು ಹೊರಟೆ. ಅರ್ಧ ಇಂಚಿನ ಪಿವಿಸಿ ಟೀ (ಮೂರು ಬಾಯಿಯ, T ಆಕಾರದ ಪೈಪು ಜೋಡಣೆ) ತಂದು, ಅದರ ಒಂದು ಬಾಯಿಗೆ ಬಾಲ್‌ಪೆನ್ನಿನ ಮುಂದಿನ ಚೂಪು ಭಾಗವನ್ನು ಎಂ-ಸೀಲ್ ಹಾಕಿ ಕೂರಿಸಿ, ಅಲ್ಲಿಗೆ ಅಡುಗೆಮನೆಯ ನಲ್ಲಿಯಿಂದ ಪೈಪು ಕೊಟ್ಟೆ. ಟೀಯ ಪಕ್ಕದ ಬಾಯಿಯಿಂದ 15 ಅಡಿಯ ಪಾರದರ್ಶಕ ಪೈಪು ಅಕ್ವೇರಿಯಂಗೆ ಹೋಗುತ್ತದೆ. ಮೂರನೆಯ ಬಾಯಿ ಸಿಂಕಿನೊಳಗೆ ತೆರೆದಿದೆ.

ನಲ್ಲಿಯನ್ನು ಅರ್ಧ ತಿರುಗಿಸಿದರೆ ಏನೂ ಆಗುವುದಿಲ್ಲ. ಪೂರ್ತಿ ತಿರುಗಿಸಿದರೆ ಅಕ್ವೇರಿಯಂನಲ್ಲಿ ಗುಳ್ಳೆಗಳು ಏಳುತ್ತವೆ, ಅಂದರೆ ಗಾಳಿ ಬರುವ ಬದಲು ಹೋಗುತ್ತಿದೆ. ನಿನ್ನೆ ಸ್ವಲ್ಪ ಬೋರ್‌ವೆಲ್ ನೀರೂ ಹಿಂದಕ್ಕೆ ಹೋಗಿ ತೊಟ್ಟಿಗೆ ಬಿತ್ತು. ಮೇಲಿನ ಟ್ಯಾಂಕಿನ ನೀರಿನ ಮಟ್ಟ ನಲ್ಲಿಯಿಂದ ಸುಮಾರು 11 ಅಡಿ ಮೇಲಿದೆ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ, ಚಿಕ್ಕಬಳ್ಳಾಪುರದಿಂದ:

ನಾನು ಡ್ರಿಪ್ ಅಳವಡಿಸುವ ಕೆಲಸ ಮಾಡುತ್ತೇನೆ. ನಿಮ್ಮ ಚಿಕ್ಕಪ್ಪನವರ ತೋಟದಲ್ಲಿ ವೆಂಚುರಿಯ ಹಿಂದೆ ಮೋಟಾರು ನೀರನ್ನು ದೂಡುತ್ತಿರುತ್ತದೆ. ಅಷ್ಟೇ ಅಲ್ಲದೆ, ಮುಖ್ಯ ಪೈಪಿನ ಗೇಟ್ ವಾಲ್ವನ್ನು ಅರ್ಧ ಮುಚ್ಚಿದಾಗ ಮಾತ್ರ ನೀರು ವೆಂಚುರಿಯ ಕಡೆಗೆ ಜೋರಾಗಿ ತಿರುಗಿ ಗೊಬ್ಬರವನ್ನು ಎಳೆಯುತ್ತದೆ. ವಾಲ್ವನ್ನು ಪೂರ್ತಿ ತೆರೆದರೆ ತೋಟದಲ್ಲೂ ಅದು ಎಳೆಯುವುದಿಲ್ಲ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ನಿಮ್ಮ 11 ಅಡಿಯಿಂದ ಸಿಗುವುದು ಅದರ ಮೂರನೇ ಒಂದು ಭಾಗ ಮಾತ್ರ. ಆದ್ದರಿಂದ ಅಂಗಡಿಯಿಂದ ಡ್ರಿಪ್ ವೆಂಚುರಿಯನ್ನೇ ತಂದು ಹಾಕುವ ಯೋಚನೆ ಇದ್ದರೆ ಬೇಡ, ಹಣ ದಂಡವಾಗುತ್ತದೆ.

ಉತ್ತರ, ತುಮಕೂರಿನಿಂದ:

ಒತ್ತಡ ಕಡಿಮೆ ಎಂಬುದು ನಿಜ, ಆದರೆ ನಿಮ್ಮ ಕೆಲಸಕ್ಕೆ ಅದು ಸಾಲದೆ ಹೋಗುವುದಿಲ್ಲ. ನಾನು ಬಹಳ ವರ್ಷ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿದ್ದವನು. ಅಲ್ಲಿ ಸೋಸುವ ಕೆಲಸಕ್ಕೆ ನಲ್ಲಿಗೆ ಸಿಕ್ಕಿಸುವ ಗಾಜಿನ ಪಂಪೂ ಇದೇ ತತ್ತ್ವದ್ದು. ಅದರಲ್ಲಿ ನಾಜಲ್‌ನ ತುದಿ ಕೆಳಗಿನ ಕಿರಿದಾದ ಕೊಳವೆಯ ಬಾಯಿಗೆ ನೇರವಾಗಿ, ಬಹಳ ಹತ್ತಿರ ನಿಂತಿರುತ್ತದೆ. ನಿಮ್ಮ ಟೀಯಲ್ಲಿ ಹಾಗಿಲ್ಲ ಎಂದು ಗುಳ್ಳೆಗಳೇ ಹೇಳುತ್ತಿವೆ. ನಾಜಲ್, ಅಂದರೆ ನಿಮ್ಮ ಪೆನ್ನಿನ ತುದಿ, ಗಿಡ್ಡವಾಗಿ ಪಕ್ಕದ ಬಾಯಿಗಿಂತ ಮೊದಲೇ ಮುಗಿದಿರಬೇಕು, ಅಥವಾ ಅಂಟು ಒಣಗುವಾಗ ಓರೆಯಾಗಿರಬೇಕು. ಆಗ ನೀರಿನ ಧಾರೆ ಪಕ್ಕದ ಬಾಯಿಯ ಅಂಚಿಗೆ ಬಡಿದು, ಎಳೆಯುವ ಬದಲು ಆ ಪೈಪಿನೊಳಕ್ಕೇ ನುಗ್ಗುತ್ತದೆ. ಅಕ್ವೇರಿಯಂ ಪೈಪನ್ನು ಬಿಚ್ಚಿ, ನಲ್ಲಿ ಬಿಟ್ಟು, ಪಕ್ಕದ ಬಾಯಿಗೆ ಒದ್ದೆ ಬೆರಳು ಇಡಿ. ಬೆರಳಿಗೆ ನೀರು ಚಿಮ್ಮಿದರೆ ಇದೇ ದೋಷ.

ಎರಡನೆಯ ದೋಷ ಹೊರಬಾಯಿಯಲ್ಲಿದೆ. ಪೆನ್ನಿನ ತುದಿಯಿಂದ ಬರುವ ಸಣ್ಣ ಧಾರೆ ಅರ್ಧ ಇಂಚಿನ ಪೈಪನ್ನು ತುಂಬಲಾರದು. ಧಾರೆಯ ಸುತ್ತ ಉಳಿದ ಜಾಗದಲ್ಲಿ ಸಿಂಕಿನ ಕಡೆಯ ಗಾಳಿ ಮೇಲೇರಿ ಬರುತ್ತಿರುವಾಗ, ತೊಟ್ಟಿಯಿಂದ ನೀರನ್ನು ಎಳೆಯುವ ಅಗತ್ಯವೇ ಬೀಳುವುದಿಲ್ಲ. ಹೊರಬಾಯಿಗೆ ಒಂದು ಪೈಪು ಕೊಟ್ಟು, ಅದರ ತುದಿಯನ್ನು ನೀರಿರುವ ಬಕೆಟ್ಟಿನಲ್ಲಿ ಮುಳುಗಿಸಿದರೆ ಆ ದಾರಿ ಮುಚ್ಚಿ ಹೋಗುತ್ತದೆ.

ಇನ್ನು ಮುಖ್ಯವಾದ ಮಾತು. ಇಡೀ 25 ಲೀಟರನ್ನು ನಲ್ಲಿಯ ಬಲದಿಂದಲೇ ಎಳೆಯಬೇಕೆಂದುಕೊಂಡರೆ ಹೆಚ್ಚುಕಡಿಮೆ ಅಷ್ಟೇ ಒಳ್ಳೆಯ ನೀರು ಚರಂಡಿಗೆ ಹೋಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಬೋರ್‌ವೆಲ್ಲನ್ನೇ ನೆಚ್ಚಿಕೊಂಡಿರುವ ನಿಮ್ಮ ಜಿಲ್ಲೆಯಲ್ಲಿ ಇದನ್ನು ಮಾಡುವುದು ಸರಿಯಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ನಲ್ಲಿ ಮಾಡಬೇಕಾದದ್ದು ಒಂದೇ ಕೆಲಸ: ತೊಟ್ಟಿಯ ಅಂಚನ್ನು ದಾಟುವಷ್ಟು, ಅಂದರೆ ನಾಲ್ಕೈದು ಇಂಚು, ನೀರನ್ನು ಮೇಲೆತ್ತಿ ಕೊಡುವುದು. ಪೈಪು ತುಂಬಿದ ಕೂಡಲೇ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿ. ಹೊರಬಾಯಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಸೈಫನ್ ತಾನೇ ಮುಂದುವರಿಯುತ್ತದೆ. ಆದ್ದರಿಂದ ಅಡುಗೆಮನೆಯನ್ನು ಬಿಟ್ಟು ಬಚ್ಚಲುಮನೆಯ ಕೆಳಗಿನ ನಲ್ಲಿಗೆ ಹೋಗಿ. ನಲ್ಲಿ ಕೆಳಗಿದ್ದಷ್ಟು ಒತ್ತಡವೂ ಹೆಚ್ಚು, ನೀರು ಇಳಿಯುವ ಎತ್ತರವೂ ಹೆಚ್ಚು.

ಮತ್ತೆ ಕೋಲಾರದಿಂದ:

ಬೆರಳಿಟ್ಟು ನೋಡಿದೆ ಸರ್, ನೀವು ಹೇಳಿದಂತೆಯೇ ನೀರು ಚಿಮ್ಮಿತು. ಟೀಯನ್ನು ಕೊಯ್ದು ನೋಡಿದರೆ ಪೆನ್ನಿನ ತುದಿ ಪಕ್ಕದ ಬಾಯಿಗಿಂತ ಅರ್ಧ ಇಂಚು ಹಿಂದೆಯೇ ನಿಂತಿತ್ತು, ಸ್ವಲ್ಪ ಓರೆಯೂ ಆಗಿತ್ತು. ಹೊಸ ಟೀಯಲ್ಲಿ ತುದಿಯನ್ನು ಪಕ್ಕದ ಬಾಯಿಯ ನಡುಭಾಗ ದಾಟುವಂತೆ ಇಟ್ಟು, ಅಂಟು ಗಟ್ಟಿಯಾಗುವವರೆಗೆ ಒಂದು ಪೆನ್ಸಿಲನ್ನು ಆಚೆಯ ಬಾಯಿಯಿಂದ ತೂರಿಸಿ ನೇರವಾಗಿ ಹಿಡಿದಿದ್ದೆ. ಬಚ್ಚಲಿನ ನಲ್ಲಿಗೆ ಹಾಕಿ, ಹೊರಪೈಪನ್ನು ಬಕೆಟ್ಟಿನಲ್ಲಿ ಮುಳುಗಿಸಿದೆ. ಅರ್ಧ ನಿಮಿಷದಲ್ಲಿ ತೊಟ್ಟಿಯ ನೀರು ಪೈಪಿನಲ್ಲಿ ಹರಿದು ಬಂದಿತು. ಆದರೆ ನಲ್ಲಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹರಿವು ತುಂಡಾಗುತ್ತದೆ. ಟೀಯಿಂದ ಕೆಳಗಿನ ಪೈಪಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು ಕಾಣುತ್ತಿದೆ.

ಉತ್ತರ, ತುಮಕೂರಿನಿಂದ:

ನಲ್ಲಿ ಬಿಟ್ಟಿದ್ದಾಗ ನಲ್ಲಿಗೂ ಟೀಗೂ ನಡುವಿನ ಜೋಡಣೆಯಲ್ಲಿ ಒಂದೆರಡು ಹನಿ ಸೋರುತ್ತಿತ್ತೇ? ಸೋರುತ್ತಿದ್ದರೆ ಕಾರಣ ಅದೇ. ನಲ್ಲಿ ತೆರೆದಿರುವಾಗ ಆ ಸಂದಿನಿಂದ ನೀರು ಹೊರಗೆ ಬರುತ್ತದೆ. ನಲ್ಲಿ ಮುಚ್ಚಿದ ಮೇಲೆ ಕೆಳಗೆ ಇಳಿಯುತ್ತಿರುವ ನೀರಿನ ಎಳೆತಕ್ಕೆ ಅದೇ ಸಂದಿನಿಂದ ಗಾಳಿ ಒಳಗೆ ಬರುತ್ತದೆ. ಜೋಡಣೆಯ ಮೇಲೆ ಸೋಪಿನ ನೊರೆ ಹಚ್ಚಿ, ನೊರೆ ಒಳಕ್ಕೆ ಸರಿಯುವ ಜಾಗವನ್ನು ಗುರುತಿಸಿ. ತಿರುಪಿನ ಮರೆಗೆ ಟೆಫ್ಲಾನ್ ಟೇಪನ್ನು ಎಂಟು ಹತ್ತು ಸುತ್ತು ಸುತ್ತಿ, ಪೈಪಿನ ಮೇಲೆ ಸ್ಟೀಲ್ ಕ್ಲ್ಯಾಂಪ್ ಹಾಕಿ ಬಿಗಿಯಿರಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸೈಫನ್ ಹರಿಯುತ್ತಿರುವಾಗ ನಲ್ಲಿಯನ್ನು ತೆರೆದು ಬಿಟ್ಟು ಹೋಗಬೇಡಿ. ಮೇಲಿನ ಟ್ಯಾಂಕು ಬರಿದಾಗಿ, ಅದೇ ಪೈಪಿನ ಇನ್ನೂ ಕೆಳಗಿನ ನಲ್ಲಿಯನ್ನು ಯಾರಾದರೂ ತಿರುಗಿಸಿದರೆ, ಮೀನಿನ ತೊಟ್ಟಿಯ ನೀರು ಮನೆಯ ಪೈಪಿನೊಳಕ್ಕೆ ಹೋಗಬಹುದು. ಕೆಲಸ ಮುಗಿದೊಡನೆ ಟೀಯನ್ನು ಬಿಚ್ಚಿಡಿ. ಈ ಪೈಪಿನಿಂದಲೇ ತೊಟ್ಟಿಗೆ ಹೊಸ ನೀರನ್ನು ತುಂಬುವುದೂ ಬೇಡ. ಬೋರ್‌ವೆಲ್ ನೀರನ್ನು ಹಿಂದಿನ ರಾತ್ರಿಯೇ ಬಕೆಟ್ಟುಗಳಲ್ಲಿ ಹಿಡಿದಿಟ್ಟು, ಏರ್ ಸ್ಟೋನ್ (ಗಾಳಿಯ ಗುಳ್ಳೆ ಬಿಡುವ ಕಲ್ಲು) ಹಾಕಿ, ಬೆಳಿಗ್ಗೆ ನಿಧಾನವಾಗಿ ಸುರಿಯಿರಿ. ನಮ್ಮಲ್ಲಿ ಬರುವ ಹೇಮಾವತಿ ನದಿಯ ಮಹಾನಗರ ಪಾಲಿಕೆ ನೀರಾದರೆ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಬೇಕಾಗುತ್ತದೆ, ಕ್ಲೋರಿನ್ ಬೆರೆಸದ ಬೋರ್‌ವೆಲ್ ನೀರಿಗೆ ಅದು ಬೇಡ. ಎಳೆಯುವ ತುದಿಗೆ ಸೊಳ್ಳೆಪರದೆಯ ತುಂಡು ಕಟ್ಟುವುದನ್ನು ಮರೆಯಬೇಡಿ, ಗಪ್ಪಿಯ ಮರಿಗಳು ಬಹಳ ಚಿಕ್ಕವು.

ಕೋಲಾರದಿಂದ, ಭಾನುವಾರ:

ಸೋರುತ್ತಿದ್ದದ್ದು ನಿಜ, ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಟೇಪು, ಕ್ಲ್ಯಾಂಪು ಹಾಕಿದ ಮೇಲೆ ಗುಳ್ಳೆಗಳು ನಿಂತವು. ಈ ದಿನ ನಲ್ಲಿಯನ್ನು ಬಿಟ್ಟದ್ದು ಅರ್ಧ ನಿಮಿಷ, ಅದರಲ್ಲಿ ಖರ್ಚಾದದ್ದು ಮಗ್ಗಿನಲ್ಲಿ ಅಳೆದಂತೆ ಎರಡು ಲೀಟರ್. ಉಳಿದದ್ದೆಲ್ಲ ಸೈಫನ್ನೇ ಇಳಿಸಿತು, 25 ಲೀಟರಿಗೆ ಏಳು ನಿಮಿಷ ಹಿಡಿಯಿತು. ಬಕೆಟ್ಟುಗಳಲ್ಲಿ ತುಂಬಿದ ಆ ನೀರನ್ನು ಅಮ್ಮ ಹಿತ್ತಲಿನ ಕರಿಬೇವಿನ ಗಿಡಕ್ಕೂ ದಾಸವಾಳಕ್ಕೂ ಹಾಕಿದರು. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.