ಮಗು ನಿದ್ದೆಯಲ್ಲಿ ಚೀರುತ್ತೆ: ಪೋಷಕರ ಮೆಸೇಜ್ ಗುಂಪಿನಲ್ಲಿ ಮಕ್ಕಳ ಡಾಕ್ಟರಿಗೆ ಕೇಳಿದ ಪ್ರಶ್ನೆಗಳು

ಆದ್ಯಾ ಅಮ್ಮ: ನಮಸ್ತೆ ಡಾಕ್ಟ್ರೇ. ಮಗಳಿಗೆ ನಾಲ್ಕು ವರ್ಷ. ಒಂಬತ್ತಕ್ಕೆ ಮಲಗಿದರೆ ಹನ್ನೊಂದರ ಹೊತ್ತಿಗೆ ಚೀರಿಕೊಂಡು ಎದ್ದು ಕೂರುತ್ತಾಳೆ. ಕಣ್ಣು ಬಿಟ್ಟಿರುತ್ತಾಳೆ, ನನ್ನ ಗುರುತೇ ಹಿಡಿಯಲ್ಲ. ಎತ್ತಿಕೊಂಡರೆ ಒದೆಯುತ್ತಾಳೆ. ಬೆಳಿಗ್ಗೆ ಏನೂ ನೆನಪಿರಲ್ಲ. ಗೊರಕೆ ಬೇರೆ ಜಾಸ್ತಿ.

ಡಾಕ್ಟರ್: ಇದು ಕೆಟ್ಟ ಕನಸಲ್ಲ ಅಮ್ಮಾ. ಕೆಟ್ಟ ಕನಸು ಹೆಚ್ಚಾಗಿ ಬೆಳಗಿನ ಜಾವದ ಕಡೆ ಬೀಳುತ್ತೆ. ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನು ತಬ್ಬಿಕೊಳ್ಳುತ್ತೆ. ನೀವು ಹೇಳೋದು ನೈಟ್ ಟೆರರ್. ಮೊದಲ ಕೆಲವು ಗಂಟೆಯ ಗಾಢ ನಿದ್ದೆಯಿಂದ ಅರ್ಧ ಮಾತ್ರ ಎಚ್ಚರವಾಗಿರುತ್ತಾಳೆ. ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಚಿಮುಕಿಸಬೇಡಿ. ಮಂಚದಿಂದ ಬೀಳದ ಹಾಗೆ ಪಕ್ಕದಲ್ಲೇ ಇರಿ, ತಾನೇ ಮಲಗುತ್ತಾಳೆ. ದಿನಾ ಅದೇ ಹೊತ್ತಿಗೆ ಆಗುತ್ತಿದ್ದರೆ 15-30 ನಿಮಿಷ ಮೊದಲೇ ಮೆಲ್ಲಗೆ ಎಚ್ಚರ ಮಾಡಿ ಮತ್ತೆ ಮಲಗಿಸಿ. 2-4 ವಾರ ಬಿಡದೆ ಮಾಡಿ.

ನನಗೆ ಚಿಂತೆ ಇರೋದು ಆ ಗೊರಕೆಯದು. ಬಾಯಿ ತೆರೆದು ಮಲಗುತ್ತಾಳಾ? ಉಸಿರು ನಡುವೆ ನಿಂತು, ಆಮೇಲೆ ಒಮ್ಮೆಲೇ ಜೋರಾಗಿ ಎಳೆದುಕೊಳ್ಳುತ್ತಾಳಾ? ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ, ಗಂಟಲಿನ ಟಾನ್ಸಿಲ್ ದಪ್ಪಗಾಗಿದ್ದರೆ ನಿದ್ದೆ ಪದೇ ಪದೇ ಕೆಡುತ್ತೆ, ಚೀರುವುದೂ ಹೆಚ್ಚುತ್ತೆ. ಮುಖ, ಎದೆ ಕಾಣುವ ಹಾಗೆ ವಿಡಿಯೋ ಮಾಡಿ ಈ ವಾರವೇ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ವಿಹಾನ್ ಅಪ್ಪ: ನನ್ನ ಮಗನೂ ಹೀಗೇ ಚೀರುತ್ತಾನೆ. ಎಬ್ಬಿಸಬಹುದಾ ಸರ್?

ಡಾಕ್ಟರ್: ಬೇಡ. ಮೇಲೆ ಬರೆದಿದ್ದೇನೆ.

ಸಾನ್ವಿ ಅಮ್ಮ: ಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಜಂತುಹುಳದ ಔಷಧಿ ಕೊಡಬೇಕಾ?

ಕುಶಾಲ್ ಅಜ್ಜಿ: ಬಂದ ಮೆಸೇಜು ಹಾಕಿದ್ದೀನಿ. 'ಜಾಯಿಕಾಯಿ ತೇದು ಜೇನಿನಲ್ಲಿ ನೆಕ್ಕಿಸಿ, ಹಸುಗೂಸೂ ಬೆಳಗಿನವರೆಗೆ ಮಲಗುತ್ತೆ.'

ಡಾಕ್ಟರ್: ದಯವಿಟ್ಟು ಅಳಿಸಿ. ವರ್ಷ ತುಂಬದ ಮಗುವಿಗೆ ಜೇನು ಒಂದು ತೊಟ್ಟೂ ಬೇಡ, ಬೊಟುಲಿಸಮ್ ಅನ್ನೋ ಅಪಾಯದ ವಿಷಬಾಧೆ ಆಗಬಹುದು. ಜಾಯಿಕಾಯಿ ಜಾಸ್ತಿಯಾದರೆ ವಿಷ.

ಕುಶಾಲ್ ಅಜ್ಜಿ: ನಮ್ಮ ಮಕ್ಕಳೆಲ್ಲ ಅದನ್ನೇ ನೆಕ್ಕಿ ಬೆಳೆದದ್ದು.

ಚಿನ್ನು ಅಮ್ಮ: ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ ಮೇಲೆ ನಮ್ಮವನು ಅಳೋದು ನಿಂತಿತು.

ವಿಹಾನ್ ಅಪ್ಪ: ವಯಸ್ಸಾದ ಹಾಗೆ ತಾನೇ ನಿಲ್ಲುತ್ತೆ. ಅದಕ್ಕೆ ಮೆಣಸಿನಕಾಯಿ ಯಾಕೆ?

ಚಿನ್ನು ಅಮ್ಮ: ನಿಮ್ಮನ್ನು ಯಾರು ಕೇಳಿದರು?

ಕುಶಾಲ್ ಅಜ್ಜಿ: ಹಿರಿಯರ ಮಾತಿಗೆ ಬೆಲೆನೇ ಇಲ್ಲ.

ಡಾಕ್ಟರ್: ನಿವಾಳಿಸೋದು ನಿಮ್ಮಿಷ್ಟ. ಸುಟ್ಟ ಮೆಣಸಿನಕಾಯಿ ಘಾಟು ಮಗುವಿನ ಕೋಣೆಗೆ ಬೇಡ.

ಅಥರ್ವ ಅಪ್ಪ: ಮೂರು ವರ್ಷದವನು. ಶೀತದ ಸಿರಪ್ ಅರ್ಧ ಚಮಚ ಕೊಟ್ಟರೆ ಚೆನ್ನಾಗಿ ಮಲಗುತ್ತಾನೆ.

ಡಾಕ್ಟರ್: ಇವತ್ತೇ ನಿಲ್ಲಿಸಿ. ಶೀಶೆ ಮೇಲೆ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಇದೆಯಾ ನೋಡಿ. ಆ ಜೋಡಿ 4 ವರ್ಷದೊಳಗಿನವರಿಗೆ ಬೇಡ ಅಂತ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಅದು ನಿದ್ದೆ ಔಷಧಿ ಅಲ್ಲ!

ವಿಹಾನ್ ಅಪ್ಪ: ಎಬ್ಬಿಸದಿದ್ದರೆ ಏನೂ ಆಗಲ್ಲ ಅಲ್ವಾ ಸರ್?

ಡಾಕ್ಟರ್: ಓದಿ, ಆಮೇಲೆ ಕೇಳಿ.

ಆದ್ಯಾ ಅಮ್ಮ: ಬಾಯಿ ತೆರೆದೇ ಮಲಗುತ್ತಾಳೆ. ಉಸಿರೂ ನಿಂತ ಹಾಗಾಗುತ್ತೆ. ವಿಡಿಯೋ ಇಲ್ಲೇ ಹಾಕಿದ್ದೀನಿ.

ಡಾಕ್ಟರ್: ಮಗುವಿನ ವಿಡಿಯೋ ಗುಂಪಿನಿಂದ ತೆಗೆಯಿರಿ, ನನಗೊಬ್ಬನಿಗೆ ಕಳಿಸಿ. ವಾರ ಕಾಯಬೇಡಿ, ನಾಳೆಯೇ ಹೋಗಿ.

ಸಾನ್ವಿ ಅಮ್ಮ: ಸರ್, ಹಲ್ಲು ಕಡಿಯೋದು ಕೇಳಿದ್ದೆ.