28 ಮಕ್ಕಳ ಶಾಲೆ, 10,000 ರೂಪಾಯಿ ಅನುದಾನ: ಕಲಿಕೆ ಹಿಂದುಳಿಯಲು ಹಣವೇ ಕಾರಣವೇ?

ಪ್ರಶ್ನೆ – ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಇಂಡಿ ತಾಲ್ಲೂಕು

ನಮ್ಮ ತಾಂಡಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 28 ಮಕ್ಕಳು, ಇಬ್ಬರು ಶಿಕ್ಷಕರಿದ್ದಾರೆ. ಮೊನ್ನೆಯ ಸಭೆಯಲ್ಲಿ ಪಕ್ಕದ ಊರಿನ ದೊಡ್ಡ ಶಾಲೆಗೆ ಹೋಲಿಸಿ, ನಮ್ಮ 5ನೇ ತರಗತಿಯವರು ಓದಿನಲ್ಲಿ ತೀರ ಹಿಂದಿದ್ದಾರೆ ಎಂದರು. 3ನೇ ತರಗತಿಯವರೆಗೆ ಚೆನ್ನಾಗಿಯೇ ಓದುತ್ತಿದ್ದ ಮಕ್ಕಳು ಇವರೇ. ಸೀಮೆಸುಣ್ಣ, ಪೊರಕೆ, ನಳದ ದುರಸ್ತಿ ಎಲ್ಲಕ್ಕೂ ಸೇರಿ ನಮಗೆ ವರ್ಷಕ್ಕೆ 10,000 ರೂಪಾಯಿ ಶಾಲಾ ಅನುದಾನ. ಆ ಶಾಲೆಗೆ 50,000. ಕಲಿಕೆ ಕುಸಿಯಲು ಈ ವ್ಯತ್ಯಾಸವೇ ಕಾರಣವೇ?

ಉತ್ತರ 1 – ನಿವೃತ್ತ ಮುಖ್ಯೋಪಾಧ್ಯಾಯ, ವಿಜಯಪುರ

ಸದಸ್ಯರೇ, ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಶಾಲಾ ಯೋಜನೆಯ ಅನುದಾನವನ್ನು ದಾಖಲಾತಿ ನೋಡಿ ಹಂಚುತ್ತಾರೆ: 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000 ರೂಪಾಯಿ. ಇನ್ನು ಮೂರು ಮಕ್ಕಳು ಸೇರಿದ್ದರೆ ನಿಮಗೆ 15,000 ಹೆಚ್ಚು ಬರುತ್ತಿತ್ತು. ಕೆಟ್ಟ ನಳಕ್ಕೆ ಮಕ್ಕಳ ಲೆಕ್ಕ ತಿಳಿಯುವುದಿಲ್ಲ ಎಂಬುದೂ ನಿಜವೇ. ಆದರೆ ಶಿಕ್ಷಕರ ಸಂಬಳ ಈ ಹಣದಿಂದ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು, ನಿಮ್ಮಲ್ಲಿ ಇದ್ದಾರೆ. ಸಂಬಳವನ್ನೂ ಸೇರಿಸಿದರೆ ಸರ್ಕಾರ ನಿಮ್ಮ ಒಂದೊಂದು ಮಗುವಿಗೆ ಮಾಡುವ ಖರ್ಚು ಆ ದೊಡ್ಡ ಶಾಲೆಗಿಂತ ಹೆಚ್ಚೇ ಆದೀತು.

ಮಕ್ಕಳು 3ನೇ ತರಗತಿಯವರೆಗೆ ಚೆನ್ನಾಗಿ ಓದುತ್ತಿದ್ದರು ಎಂದು ನೀವು ಬರೆದ ಮಾತು ನನಗೆ ಮುಖ್ಯವೆನಿಸಿತು. 1ರಿಂದ 3ನೇ ತರಗತಿಗೆ ನಲಿ-ಕಲಿ ಇದೆ, ಅಂದರೆ ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ. ಕಬ್ಬು ಕಡಿಯಲು ಹೊರಟ ತಂದೆತಾಯಿಯ ಜೊತೆ ಗುಳೆ ಹೋದ ಮಗು ನಾಲ್ಕು ತಿಂಗಳ ನಂತರ ಮರಳಿದರೂ, ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 4ನೇ ತರಗತಿಯಿಂದ ಪಠ್ಯಪುಸ್ತಕ ಯಾರಿಗೂ ಕಾಯುವುದಿಲ್ಲ. ಮಗು ಮರಳುವ ಹೊತ್ತಿಗೆ ಅರ್ಧ ಪುಸ್ತಕ ಮುಗಿದಿರುತ್ತದೆ. ಹಾಜರಿ ಪುಸ್ತಕವನ್ನು ತಿಂಗಳುವಾರು ನೋಡಿದ್ದೀರಾ?

ಉತ್ತರ 2 – ಶಿಕ್ಷಕಿ, ಚಿಕ್ಕೋಡಿ

ಗುರುಗಳು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಯುಡೈಸ್ (ಶಾಲೆಗಳ ಸರ್ಕಾರಿ ಅಂಕಿಅಂಶ ಸಂಗ್ರಹ) ಎಣಿಕೆಯ ದಿನಾಂಕ ಸೆಪ್ಟೆಂಬರ್ 30. ಅಂದು ತಾಂಡಾದ ಮಕ್ಕಳೆಲ್ಲ ಊರಲ್ಲೇ ಇರುತ್ತಾರೆ, ಗುಳೆ ಶುರುವಾಗುವುದು ಅದರ ನಂತರ. ಹೀಗಾಗಿ ಕಾಗದದಲ್ಲಿ ಶಾಲೆ ತುಂಬಿರುತ್ತದೆ, ಜನವರಿಯಲ್ಲಿ ಕೋಣೆ ಖಾಲಿ ಇರುತ್ತದೆ, ಫಲಿತಾಂಶ ಕೇಳುವವರು ಮಾತ್ರ ಕಾಗದವನ್ನೇ ನೋಡುತ್ತಾರೆ. ಶೇಕಡಾವಾರು ಲೆಕ್ಕವನ್ನೂ ಎಚ್ಚರದಿಂದ ನೋಡಿ. ತರಗತಿಯಲ್ಲಿ ಐದೇ ಮಕ್ಕಳಿದ್ದರೆ ಒಂದು ಮಗು ಎಂದರೆ ಶೇ 20.

ನಮ್ಮ ಕಡೆ ಕಬ್ಬಿನ ಗದ್ದೆಗಳ ಪಕ್ಕದ ಗುಡಿಸಲುಗಳಲ್ಲಿ ಇಂಥ ಮಕ್ಕಳೇ ತಮ್ಮ-ತಂಗಿಯರನ್ನು ಆಡಿಸುತ್ತ ಕುಳಿತಿರುತ್ತಾರೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಆದರೆ ಮಹಾರಾಷ್ಟ್ರಕ್ಕೆ ಹೋದವರಿಗೆ ಅಲ್ಲಿ ಸಿಗುವುದು ಮರಾಠಿ ಶಾಲೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಕಲಿತ ಮಗು ಅಲ್ಲಿ ಏನು ಮಾಡೀತು? ವಲಸೆ ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಋತುಮಾನ ವಸತಿ ವ್ಯವಸ್ಥೆಗೆ ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ, ಮಕ್ಕಳ ಪಟ್ಟಿ ಸಮೇತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ದಸರೆಗೆ ಮೊದಲೇ ಕೊಡಿ, ಆಮೇಲೆ ಕೊಟ್ಟು ಪ್ರಯೋಜನವಿಲ್ಲ.

ಉತ್ತರ 3 – ಪಾಲಕ, ಸಿಂದಗಿ

ಹಣದ ಮಾತನ್ನು ಅಷ್ಟು ಬೇಗ ಕೈಬಿಡಬೇಡಿ. ಭೀಮಾ ನದಿಯ ಆಚೆ ಅಫಜಲಪುರಕ್ಕೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಅನ್ವಯಿಸುತ್ತದೆ, ಕಲ್ಯಾಣ ಕರ್ನಾಟಕ ಮಂಡಳಿಯ ಹಣದಲ್ಲಿ ಅಲ್ಲಿ ಶಾಲಾ ಕೋಣೆಗಳನ್ನು ಕಟ್ಟಬಹುದು. ಈಚೆ ದಡದ ನಮ್ಮಲ್ಲಿ ಅದೇ ಬಿಸಿಲು, ಅದೇ ಗುಳೆ, ಆದರೆ ಆ ಹಣವಿಲ್ಲ.

ಪ್ರಶ್ನೆ ಕೇಳಿದವರು

ಹಾಜರಿ ಪುಸ್ತಕ ತೆಗೆಸಿ ನೋಡಿದೆ. 5ನೇ ತರಗತಿಯ ಆರು ಮಕ್ಕಳಲ್ಲಿ ನಾಲ್ವರು ದೀಪಾವಳಿಯ ನಂತರ ಯುಗಾದಿಯವರೆಗೆ ಶಾಲೆಯಲ್ಲಿ ಇರಲೇ ಇಲ್ಲ. ಉಳಿದಿಬ್ಬರು ಚೆನ್ನಾಗಿ ಓದುತ್ತಾರೆ. ಅವರು ಅಜ್ಜಿಯ ಬಳಿ ಉಳಿದವರು. ಪಟ್ಟಿ ಬರೆಯಲು ಶುರುಮಾಡಿದ್ದೇನೆ.